ತೀರ್ಮಾನ ಮುಗಿಯದೆ ಚೆಂಡಿನ ಮುಂದೆ ನಿಲ್ಲಬೇಡಿ

ಮಾನ್ಯ ಸಂಪಾದಕರೇ,

ಗಾಲ್ಫ್ ಪಂದ್ಯದ ಕೊನೆಯ ಹೋಲ್‌ಗಳಲ್ಲಿ ಮುನ್ನಡೆಯಲ್ಲಿದ್ದ ಆಟಗಾರ ಎಡವಿದರೆ ಕ್ರೀಡಾ ಪುಟಗಳಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ: ‘ಒತ್ತಡಕ್ಕೆ ಮಣಿದರು’, ‘ಆತ್ಮವಿಶ್ವಾಸ ಕಳೆದುಕೊಂಡರು’. ಇದನ್ನೇ ಓದುತ್ತಾ ಬಂದ ಹೊಸ ಆಟಗಾರರು ಆತ್ಮವಿಶ್ವಾಸವೆಂದರೆ ಕೆಲವರಿಗೆ ಹುಟ್ಟಿನಿಂದ ಬಂದದ್ದು, ಉಳಿದವರಿಗೆ ಬೇಕಾದಾಗ ಕೈಕೊಡುವಂಥದ್ದು ಎಂದು ನಂಬಿಬಿಡುತ್ತಾರೆ. ಚೆಂಡಿನ ಮುಂದೆ ನಿಂತು ‘ಹೆದರಬೇಡ, ಹೆದರಬೇಡ’ ಎಂದು ಮನಸ್ಸಿನಲ್ಲೇ ಜಪಿಸುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಹೊಡೆತದ ಮೇಲಿನ ನಂಬಿಕೆ ಹುಟ್ಟುವುದು ಚೆಂಡಿನ ಹಿಂದೆ ನಾಲ್ಕಾರು ಹೆಜ್ಜೆ ದೂರದಲ್ಲಿ, ಲೆಕ್ಕ ಮುಗಿದು ಒಂದು ತೀರ್ಮಾನ ಗಟ್ಟಿಯಾದಾಗ. ಅಲ್ಲಿ ಮುಗಿಯದೆ ಉಳಿದ ಲೆಕ್ಕವೇ ಚೆಂಡಿನ ಮುಂದೆ ಬಂದಾಗ ಅಳುಕಾಗಿ ಕೈಗಿಳಿಯುತ್ತದೆ. ಇದನ್ನು ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಿ.

ಅರೆಮನಸ್ಸಿನ ಹೊಡೆತ ಕೆಡುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ಐರನ್ ಎಂದರೆ ಲೋಹದ ತಲೆಯ ಕ್ಲಬ್ (ಗಾಲ್ಫ್ ಕೋಲು); ಅದರ ಅಂಕಿ ಹೆಚ್ಚಿದಷ್ಟೂ ಚೆಂಡು ಹೋಗುವ ದೂರ ಕಡಿಮೆ. 7-ಐರನ್‌ಗೆ ತುಸು ಹತ್ತಿರ, 8-ಐರನ್‌ಗೆ ತುಸು ದೂರ ಎನ್ನುವಂಥ ಅಳತೆ ಎದುರಾಗಿದೆ ಎಂದಿಟ್ಟುಕೊಳ್ಳಿ. ಆಟಗಾರ 7-ಐರನ್ ಎತ್ತಿಕೊಳ್ಳುತ್ತಾನೆ, ಮನಸ್ಸು 8ರಲ್ಲೇ ಉಳಿದಿರುತ್ತದೆ. ಬ್ಯಾಕ್‌ಸ್ವಿಂಗ್, ಅಂದರೆ ಕ್ಲಬ್ಬನ್ನು ಹಿಂದಕ್ಕೆತ್ತುವ ಚಲನೆ, ಎಂದಿನಂತೆಯೇ ಮೇಲೇರುತ್ತದೆ. ಕ್ಲಬ್ ಕೆಳಗಿಳಿಯುವಾಗ ‘ಜಾಸ್ತಿ ಹೋದೀತು’ ಎಂಬ ಅನುಮಾನ ಎದ್ದು ಸೊಂಟ, ಎದೆ ತಿರುಗುವುದನ್ನು ನಿಲ್ಲಿಸುತ್ತವೆ. ದೇಹ ನಿಂತರೂ ಕೈಗಳು ನಿಲ್ಲಲಾರವು. ಅವು ಮುಂದಕ್ಕೆ ನುಗ್ಗುತ್ತವೆ, ಮಣಿಕಟ್ಟು ಮಡಚಿಕೊಳ್ಳುತ್ತದೆ. ಐರನ್ ಹೊಡೆತದಲ್ಲಿ ಕ್ಲಬ್‌ನ ಓಟದ ಅತಿ ತಗ್ಗಿನ ಬಿಂದು ಚೆಂಡಿಗಿಂತ ಕೆಲವು ಇಂಚು ಮುಂದಿರಬೇಕು. ಈಗ ಅದು ಚೆಂಡಿನ ಹಿಂದಕ್ಕೆ ಸರಿಯುತ್ತದೆ. ಕ್ಲಬ್ ಮೊದಲು ನೆಲಕ್ಕೆ ಬಡಿದರೆ ಚೆಂಡು ಗ್ರೀನ್‌ಗೆ (ಹೋಲ್ ಇರುವ, ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗ) ಇನ್ನೂ 20-30 ಗಜ ಇರುವಾಗಲೇ ಬೀಳುತ್ತದೆ. ನೆಲ ತಪ್ಪಿಸಿ ಮೇಲೇಳುತ್ತಿರುವ ಕ್ಲಬ್ ಚೆಂಡಿನ ನಡುವಿಗೆ ತಾಗಿದರೆ ಅದು ತಗ್ಗಾಗಿ ಹಾರಿ ಗ್ರೀನ್ ದಾಟಿ ಓಡುತ್ತದೆ. ಬಲಗೈ ಆಟಗಾರನ ಕೈಗಳು ಉರುಳಿ ಕ್ಲಬ್‌ಫೇಸ್ (ಚೆಂಡಿಗೆ ತಾಗುವ ಮುಖ) ಮುಚ್ಚಿದರೆ ಚೆಂಡು ಎಡಕ್ಕೆ, ಹಿಡಿತ ಬಿಗಿಯಾಗಿ ಫೇಸ್ ತೆರೆದೇ ಉಳಿದರೆ ಬಲಕ್ಕೆ.

ಅಂದರೆ ಒಂದೇ ಅನುಮಾನಕ್ಕೆ ನಾಲ್ಕು ಬೇರೆ ಬೇರೆ ಫಲ. ಆಟಗಾರ ಒಂದು ದಿನ ಎಡಕ್ಕೆ ಹೋದದ್ದಕ್ಕೆ ಹಿಡಿತ ಬದಲಿಸುತ್ತಾನೆ, ಮರುದಿನ ನೆಲಕ್ಕೆ ಬಡಿದದ್ದಕ್ಕೆ ಚೆಂಡಿನ ಜಾಗ ಬದಲಿಸುತ್ತಾನೆ. ತಿಂಗಳುಗಟ್ಟಲೆ ಸ್ವಿಂಗ್ ರಿಪೇರಿಯಲ್ಲೇ ಕಳೆಯುತ್ತದೆ. ಇಲ್ಲಿ ಸ್ವಿಂಗ್‌ನದ್ದೇನೂ ತಪ್ಪಿರುವುದಿಲ್ಲ.

ನಡುವಿನಲ್ಲಿ ಸರಿಪಡಿಸಿಕೊಳ್ಳಬಹುದಲ್ಲ ಎಂದರೆ ಅದಕ್ಕೆ ಸಮಯವೇ ಇಲ್ಲ. ಒಳ್ಳೆಯ ಆಟಗಾರರ ಬ್ಯಾಕ್‌ಸ್ವಿಂಗ್ ಸುಮಾರು ಮುಕ್ಕಾಲು ಸೆಕೆಂಡು, ಕೆಳಗಿಳಿಯುವುದು ಕಾಲು ಸೆಕೆಂಡು. ಕ್ಲಬ್ಬಿಗೂ ಚೆಂಡಿಗೂ ಸಂಪರ್ಕ ಇರುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅರ್ಧದಷ್ಟು ಹೊತ್ತು ಮಾತ್ರ. ಆ ಕಾಲು ಸೆಕೆಂಡಿನಲ್ಲಿ ಎದ್ದ ಯೋಚನೆ ಹೊಡೆತವನ್ನು ಕೆಡಿಸೀತೇ ಹೊರತು ತಿದ್ದಲಾರದು.

ಇನ್ನೊಂದು ಬದಿಯ ಲೆಕ್ಕವನ್ನೂ ನೋಡಿ. ಅಕ್ಕಪಕ್ಕದ ಎರಡು ಐರನ್‌ಗಳ ನಡುವೆ ಸಾಮಾನ್ಯವಾಗಿ 10-12 ಗಜದ ಅಂತರ. 8 ಹೊಡೆಯಬೇಕಾದಲ್ಲಿ 7ನ್ನು ಪೂರ್ಣ ಮನಸ್ಸಿನಿಂದ ಹೊಡೆದರೆ ಆಗುವ ನಷ್ಟ ಆ 10-12 ಗಜ. ಚೆಂಡು ಗ್ರೀನ್‌ನ ಹಿಂಭಾಗದಲ್ಲಿರುತ್ತದೆ, ಎರಡು ಪಟ್‌ಗೆ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಪಾರ್, ಅಂದರೆ ಆ ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ, ಸಿಗುವ ಸಾಧ್ಯತೆ ಇನ್ನೂ ಇದೆ. ಅದೇ 7ನ್ನು ತಡೆತಡೆದು ಹೊಡೆದರೆ ಚೆಂಡು ಬಂಕರ್‌ನಲ್ಲಿ, ಅಂದರೆ ಮರಳಿನ ಗುಂಡಿಯಲ್ಲಿ. ತಪ್ಪು ಕ್ಲಬ್‌ನ ಪೂರ್ಣ ಹೊಡೆತ ಸರಿಯಾದ ಕ್ಲಬ್‌ನ ಅರೆ ಹೊಡೆತಕ್ಕಿಂತ ಅಗ್ಗ. ಈ ಪತ್ರದಲ್ಲಿ ಬೇರೇನು ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ಹಾಗೆಂದು ಕಣ್ಣು ಮುಚ್ಚಿ ಯಾವುದೋ ಕ್ಲಬ್ ಎಳೆದು ಬೀಸಿದರೆ ಅದು ನಂಬಿಕೆಯಲ್ಲ. ನಂಬಿಕೆಗೆ ಆಧಾರ ಬೇಕು, ಮತ್ತು ಮೊದಲ ಆಧಾರ ನಿಮ್ಮದೇ ಕ್ಲಬ್‌ಗಳ ಅಳತೆ. ನಿಯಮದ ಪ್ರಕಾರ ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್ ಇರಬಹುದು. ಪಟರ್ ಬಿಟ್ಟು ಉಳಿದ ಪ್ರತಿಯೊಂದರದ್ದೂ ‘ಕ್ಯಾರಿ’ ಗೊತ್ತಿರಬೇಕು. ಕ್ಯಾರಿ ಎಂದರೆ ಚೆಂಡು ಗಾಳಿಯಲ್ಲಿ ಹೋಗಿ ಮೊದಲು ನೆಲ ಮುಟ್ಟುವವರೆಗಿನ ದೂರ; ಉರುಳಿ ನಿಂತ ಜಾಗ ಲೆಕ್ಕಕ್ಕಿಲ್ಲ. ಬಂಕರ್, ನೀರು ದಾಟಬೇಕಾದಾಗ ಉಪಯೋಗಕ್ಕೆ ಬರುವುದು ಕ್ಯಾರಿ ಮಾತ್ರ. ಪ್ರತಿ ಕ್ಲಬ್‌ನಿಂದ 15 ಚೆಂಡು ಹೊಡೆಯಿರಿ, ಅತಿ ದೂರ ಹೋದ ಎರಡು, ತೀರಾ ಕೆಟ್ಟ ಎರಡನ್ನು ಬಿಟ್ಟು ಉಳಿದವುಗಳ ನಡುವಿನ ಅಂಕಿಯನ್ನು ಬರೆದಿಡಿ. ಹೆಚ್ಚಿನವರು ತಲೆಯಲ್ಲಿಟ್ಟುಕೊಂಡಿರುವುದು ಯಾವತ್ತೋ ಒಮ್ಮೆ ಹಿಂಗಾಳಿಯಲ್ಲಿ ಹೋದ ಅತ್ಯುತ್ತಮ ಹೊಡೆತದ ಅಂಕಿಯನ್ನು. ಹವ್ಯಾಸಿಗಳ ಚೆಂಡು ಗ್ರೀನ್ ದಾಟಿ ಬೀಳುವುದಕ್ಕಿಂತ ಗ್ರೀನ್ ಮುಟ್ಟದೆ ಬೀಳುವುದು ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಲೈ, ಅಂದರೆ ಚೆಂಡು ಕುಳಿತಿರುವ ರೀತಿ. ದೂರ ಅಳೆಯುವುದಕ್ಕಿಂತ ಮೊದಲು ಇದನ್ನು ನೋಡಬೇಕು, ಏಕೆಂದರೆ ಯಾವ ಹೊಡೆತಗಳು ಸಾಧ್ಯ ಎಂಬುದನ್ನು ಲೈ ನಿರ್ಧರಿಸುತ್ತದೆ. ರಫ್‌ನ ಉದ್ದ ಹುಲ್ಲಿನಲ್ಲಿ ಚೆಂಡು ಆಳವಾಗಿ ಕೂತಿದ್ದರೆ ಉದ್ದದ ಐರನ್ ಮಾತೇ ಬೇಡ, ವೆಜ್ (ಚೆಂಡನ್ನು ಎತ್ತರಕ್ಕೆ, ಕಡಿಮೆ ದೂರಕ್ಕೆ ಹಾರಿಸುವ ಕ್ಲಬ್) ತೆಗೆದು ಫೇರ್‌ವೇಗೆ, ಅಂದರೆ ಹುಲ್ಲು ಕತ್ತರಿಸಿದ ಹಾದಿಗೆ, ಹಿಂತಿರುಗಿ. ತೆಳುವಾದ ರಫ್‌ನಲ್ಲಿ ಅರ್ಧ ಮೇಲೆ ಕೂತಿದ್ದರೆ ತೊಂದರೆ ತಿರುವುಮುರುವು: ಫೇಸ್ ಮತ್ತು ಚೆಂಡಿನ ನಡುವೆ ಹುಲ್ಲು ಸಿಕ್ಕಿ ಸ್ಪಿನ್ ಕಡಿಮೆಯಾಗುತ್ತದೆ, ಚೆಂಡು ನಿರೀಕ್ಷೆಗಿಂತ 10 ಗಜ ಅಥವಾ ಇನ್ನೂ ಹೆಚ್ಚು ಹೋಗುತ್ತದೆ, ಬಿದ್ದ ಮೇಲೂ ನಿಲ್ಲುವುದಿಲ್ಲ. ಚೆಂಡು ಪಾದಕ್ಕಿಂತ ಮೇಲಿದ್ದರೆ ಬಲಗೈಯವರಿಗೆ ಎಡಕ್ಕೆ, ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ. ಇಳಿಜಾರಿನಲ್ಲಿ ನಿಂತು ಹೊಡೆದರೆ ತಗ್ಗಾಗಿ, ಏರಿನಲ್ಲಿ ಎತ್ತರವಾಗಿ ಹಾರುತ್ತದೆ.

ಆಮೇಲೆ ಅಳತೆ. ಒಂದು ಉದಾಹರಣೆ ಹೇಳಿದರೆ ಸ್ಪಷ್ಟವಾದೀತು. ಫ್ಲ್ಯಾಗ್ 148 ಗಜ, ಗ್ರೀನ್‌ನ ಮುಂಚೂಣಿ 138, ಹಿಂಚೂಣಿ 160, ಮುಂದೆ ಬಂಕರ್. ಗಂಟೆಗೆ 10 ಮೈಲಿ ವೇಗದ ಎದುರುಗಾಳಿ. ಗ್ರೀನ್ 12 ಅಡಿ ಎತ್ತರದಲ್ಲಿದೆ. ಎದುರುಗಾಳಿಗೆ ಮೈಲಿಗೊಂದರಂತೆ ಶೇ 1, ಹಿಂಗಾಳಿಗೆ ಅದರ ಅರ್ಧ ಎಂಬುದು ಆಟಗಾರರು ಬಳಸುವ ಅಂದಾಜು. ಎತ್ತರಕ್ಕೆ 3 ಅಡಿಗೆ 1 ಗಜ. ಹಾಗಾಗಿ 148ಕ್ಕೆ ಗಾಳಿಯ 15, ಎತ್ತರದ 4 ಸೇರಿ 167. ಮುಂಚೂಣಿ ದಾಟಲೇ 156 ಬೇಕು, ಹಿಂಚೂಣಿ 180. 7-ಐರನ್ 150, 6-ಐರನ್ 161, 5-ಐರನ್ 171 ಹೋಗುವ ಆಟಗಾರನಿಗೆ ಇಲ್ಲಿ ಸರಿಯಾದ ಕ್ಲಬ್ 5-ಐರನ್. 6 ಕೂಡ ಗ್ರೀನ್ ಮುಟ್ಟುತ್ತದೆ, ಆದರೆ ಚೂರು ಕೆಟ್ಟರೆ ಬಂಕರ್. ಫ್ಲ್ಯಾಗ್‌ನ 148 ಮಾತ್ರ ನೋಡಿದವನು ಎತ್ತುವುದು 7ನ್ನು. ಆಮೇಲೆ ಕೆನ್ನೆಗೆ ಬಡಿಯುವ ಗಾಳಿ ಅವನಿಗೆ ಅನುಮಾನ ತರುತ್ತದೆ, ಜೋರಾಗಿ ಬೀಸುತ್ತಾನೆ. ಜೋರಾಗಿ ಬೀಸಿದಷ್ಟೂ ಸ್ಪಿನ್ ಹೆಚ್ಚಿ ಎದುರುಗಾಳಿಯಲ್ಲಿ ಚೆಂಡು ಮೇಲಕ್ಕೇರುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ. ದೊಡ್ಡ ಕ್ಲಬ್, ಸಮಾಧಾನದ ಸ್ವಿಂಗ್ ಎಂಬ ಹಳೆಯ ಮಾತಿನ ಹಿಂದೆ ಈ ಕಾರಣವಿದೆ.

ಗುರಿಯ ಬಗ್ಗೆ ಇನ್ನೂ ಹೆಚ್ಚು ಹೇಳಬೇಕು, ಏಕೆಂದರೆ ನಂಬಿಕೆ ಮುರಿಯುವುದು ಹೆಚ್ಚಾಗಿ ಕ್ಲಬ್‌ನಿಂದಲ್ಲ, ಗುರಿಯಿಂದ. ಯಾರ ಹೊಡೆತವೂ ಒಂದೇ ಗೆರೆಯಲ್ಲಿ ಹೋಗುವುದಿಲ್ಲ. ಹತ್ತು ಚೆಂಡು ಹೊಡೆದರೆ ಅವು ಎಡ-ಬಲಕ್ಕೆ, ಹಿಂದೆ-ಮುಂದಕ್ಕೆ ಹರಡಿಕೊಳ್ಳುತ್ತವೆ. ವೃತ್ತಿಪರರ ಚೆಂಡುಗಳೂ ಹರಡುತ್ತವೆ, ನಮ್ಮದಕ್ಕಿಂತ ಕಡಿಮೆ ಅಷ್ಟೆ. ಗುರಿ ಇಡುವುದೆಂದರೆ ಆ ಇಡೀ ಹರಡನ್ನು ಎಲ್ಲಿ ಕೂರಿಸಬೇಕೆಂದು ತೀರ್ಮಾನಿಸುವುದು. ಫ್ಲ್ಯಾಗ್ ಬಲತುದಿಯಲ್ಲಿದ್ದು ಅದರಾಚೆ ನೀರಿದ್ದರೆ, ನೇರವಾಗಿ ಫ್ಲ್ಯಾಗ್‌ಗೆ ಗುರಿಯಿಟ್ಟವನ ಅರ್ಧ ಚೆಂಡುಗಳು ನೀರಿನ ಕಡೆಗೇ ಇರುತ್ತವೆ. ಬುದ್ಧಿಗೆ ಅದು ಗೊತ್ತು. ಆದ್ದರಿಂದಲೇ ಕೈ ಹಿಂಜರಿಯುತ್ತದೆ. ಆ ಹಿಂಜರಿಕೆಯನ್ನು ಹೇಡಿತನ ಎನ್ನಬೇಡಿ, ಅದು ಸರಿಯಾದ ಎಚ್ಚರಿಕೆ. ಗುರಿಯನ್ನು ಎಡಕ್ಕೆ, ಗ್ರೀನ್‌ನ ನಡುವಿಗೆ ಸರಿಸಿ ನೋಡಿ, ಹಿಡಿತ ತಾನಾಗಿ ಸಡಿಲವಾಗುತ್ತದೆ.

ಅಮೆರಿಕದ ಆಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಟೂರ್ನಿಯಲ್ಲಿ, 2019ರ ಕೊನೆಯ ದಿನ, 12ನೇ ಹೋಲ್‌ನಲ್ಲಿ ಆದದ್ದು ಇದೇ. ಕೇವಲ 155 ಗಜದ ಪಾರ್-3, ಮುಂದೆ ರೇಸ್ ಕ್ರೀಕ್ ತೊರೆ, ಫ್ಲ್ಯಾಗ್ ಬಲಭಾಗದಲ್ಲಿ. ಮುನ್ನಡೆಯಲ್ಲಿದ್ದ ಫ್ರಾನ್ಸೆಸ್ಕೊ ಮೊಲಿನಾರಿ, ಟೋನಿ ಫಿನೌ, ಅವರ ಮುಂದಿನ ತಂಡದಲ್ಲಿದ್ದ ಬ್ರೂಕ್ಸ್ ಕೆಪ್ಕಾ, ಇಯಾನ್ ಪೌಲ್ಟರ್ ನಾಲ್ವರ ಚೆಂಡೂ ನೀರಿಗೆ ಬಿತ್ತು. ಟೈಗರ್ ವುಡ್ಸ್ ಫ್ಲ್ಯಾಗ್ ಬಿಟ್ಟು ಎಡಕ್ಕೆ, ಬಂಕರ್‌ನ ಮೇಲಿಂದ ಗ್ರೀನ್‌ನ ಸುರಕ್ಷಿತ ಭಾಗಕ್ಕೆ ಹೊಡೆದು, ಉದ್ದದ ಪಟ್ ಉಳಿಸಿಕೊಂಡು, ಎರಡು ಪಟ್‌ಗಳಲ್ಲಿ ಪಾರ್ ಮಾಡಿದರು. ಪಂದ್ಯ ಗೆದ್ದದ್ದು ಒಂದು ಹೊಡೆತದ ಅಂತರದಲ್ಲಿ. ಗುರಿ ಎಚ್ಚರಿಕೆಯದು, ಸ್ವಿಂಗ್ ಪೂರ್ಣವಾದದ್ದು.

ಇದಕ್ಕೆ ವಿರುದ್ಧವಾದ ಉದಾಹರಣೆ 1999ರಲ್ಲಿ ಸ್ಕಾಟ್ಲೆಂಡ್‌ನ ಕಾರ್ನೂಸ್ಟಿಯಲ್ಲಿ ನಡೆದ ಬ್ರಿಟಿಷ್ ಓಪನ್. ಮೂರು ಹೊಡೆತಗಳ ಮುನ್ನಡೆಯಲ್ಲಿ 18ನೇ ಹೋಲ್‌ಗೆ ಬಂದ ಫ್ರಾನ್ಸ್‌ನ ಜಾನ್ ವಾನ್ ಡ ವೆಲ್ಡ್‌ಗೆ ಗೆಲ್ಲಲು ಡಬಲ್ ಬೋಗಿ, ಅಂದರೆ ಪಾರ್‌ಗಿಂತ ಎರಡು ಹೆಚ್ಚಾದ ಆರು ಹೊಡೆತ, ಸಾಕಿತ್ತು. ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್‌ನಿಂದ ಹೊಡೆದರು, ಚೆಂಡು ಬಲಕ್ಕೆ ಹೋಯಿತು. ಅಲ್ಲಿಂದ ಫೇರ್‌ವೇಗೆ ಹಿಂತಿರುಗದೆ 2-ಐರನ್‌ನಲ್ಲಿ ಗ್ರೀನ್ ಕಡೆಗೇ ಹೊಡೆದರು. ಅದು ಪ್ರೇಕ್ಷಕರ ಗ್ಯಾಲರಿಗೆ ಬಡಿದು ರಫ್‌ಗೆ ಹಿಂದಿರುಗಿತು, ಮುಂದಿನದು ಬ್ಯಾರಿ ಬರ್ನ್ ತೊರೆಗೆ ಬಿತ್ತು. ಏಳು ಹೊಡೆತ, ಆಮೇಲೆ ಸಮಬಲ ಮುರಿಯುವ ಪ್ಲೇಆಫ್‌ನಲ್ಲಿ ಪಾಲ್ ಲಾರಿ ಎದುರು ಸೋಲು. ಗ್ಯಾಲರಿಯಿಂದ ಚೆಂಡು ಹಾಗೆ ಪುಟಿದದ್ದು ದುರದೃಷ್ಟ, ಒಪ್ಪೋಣ. ಆದರೆ ಅಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಧೈರ್ಯಕ್ಕೆ ಮುಂಚಿನ ಲೆಕ್ಕ ಬೇರೆ ಇರಬೇಕಿತ್ತು. ‘ಆತ್ಮವಿಶ್ವಾಸ’ ಎಂಬ ಒಂದೇ ಪದದಲ್ಲಿ ಈ ಎರಡನ್ನೂ ಬೆರೆಸುವುದಕ್ಕೆ ನನ್ನ ಆಕ್ಷೇಪ ಇರುವುದು ಇಲ್ಲೇ.

ಇನ್ನು ತೀರ್ಮಾನದಿಂದ ಹೊಡೆತಕ್ಕೆ ದಾಟುವ ಕ್ರಮ. ಸ್ವೀಡನ್‌ನ ಗಾಲ್ಫ್ ತಾರೆ ಆನಿಕಾ ಸೊರೆನ್‌ಸ್ಟಾಮ್ ಅವರ ತರಬೇತುದಾರರಾಗಿದ್ದ ಪಿಯಾ ನಿಲ್ಸನ್ ಮತ್ತು ಅವರ ಜೊತೆಗಾರ್ತಿ ಲಿನ್ ಮ್ಯಾರಿಯಟ್ ಇದನ್ನು ಎರಡು ಚೌಕಗಳಾಗಿ ಕಲಿಸುತ್ತಾರೆ: ಚೆಂಡಿನ ಹಿಂದೆ ಯೋಚನೆಯ ಚೌಕ, ಚೆಂಡಿನ ಬಳಿ ಆಟದ ಚೌಕ, ನಡುವೆ ಒಂದು ಕಾಲ್ಪನಿಕ ಗೆರೆ. ಗೆರೆಯ ಹಿಂದೆ ಎಷ್ಟು ಬೇಕಾದರೂ ವಾದಿಸಿ. ದಾಟಿದ ಮೇಲೆ ವಾದವಿಲ್ಲ.

ಹಿಂದಿನ ಚೌಕದಲ್ಲಿ ಎಲ್ಲ ಲೆಕ್ಕ ಮುಗಿದ ಮೇಲೆ ತೀರ್ಮಾನವನ್ನು ಒಂದು ವಾಕ್ಯವಾಗಿ ಬಾಯಿಬಿಟ್ಟು ಹೇಳಿ: ‘5-ಐರನ್, ಬಂಕರ್‌ನ ಎಡ ಅಂಚಿನ ಮೇಲೆ, ಪೂರ್ಣ ಫಿನಿಷ್.’ ಕ್ಲಬ್, ಗುರಿ, ಹೊಡೆತದ ಬಗೆ ಮೂರೂ ಅದರಲ್ಲಿರಬೇಕು. ವಾಕ್ಯ ತೊದಲಿದರೆ ಅಥವಾ ‘ಬಹುಶಃ’ ಎಂಬ ಪದ ನುಸುಳಿದರೆ ಗೆರೆ ದಾಟಬೇಡಿ. ‘ನೀರಿಗೆ ಹೋಗಬಾರದು’ ಎಂಬುದು ಗುರಿಯಲ್ಲ. ಚೆಂಡು ಎಲ್ಲಿಗೆ ಹೋಗಬೇಕೆಂದು ಅದರಲ್ಲಿಲ್ಲ. ಗುರಿ ಸಣ್ಣದಾಗಿರಲಿ. ‘ಮರಗಳ ಕಡೆ’ ಎನ್ನುವ ಬದಲು ‘ಎಡದಿಂದ ಎರಡನೇ ಮರದ ಕಾಂಡ’.

ಆಮೇಲೆ ಚೆಂಡಿನಿಂದ ಗುರಿಗೆ ಎಳೆದ ಗೆರೆಯ ಮೇಲೆ, ಚೆಂಡಿನ ಮುಂದೆ ಒಂದೆರಡು ಅಡಿಯಲ್ಲಿ ಒಂದು ಗುರುತು ಹುಡುಕಿ: ಒಣಗಿದ ಎಲೆ, ಹಳೆಯ ಡಿವಟ್‌ನ (ಕ್ಲಬ್ ಬಡಿದು ಹುಲ್ಲು ಕಿತ್ತ ಜಾಗ) ತುದಿ, ಬಣ್ಣ ಬೇರೆಯಾದ ಹುಲ್ಲು. ಅಮೆರಿಕದ ದಿಗ್ಗಜ ಆಟಗಾರ ಜ್ಯಾಕ್ ನಿಕ್ಲಾಸ್ ಈ ಕ್ರಮಕ್ಕೆ ಹೆಸರಾದವರು. ಇನ್ನೂರು ಗಜ ಆಚೆಯ ಗುರಿಗಿಂತ ಎರಡು ಅಡಿ ಮುಂದಿನ ಎಲೆಗೆ ಕ್ಲಬ್‌ಫೇಸ್ ನೇರ ಮಾಡುವುದು ಎಷ್ಟೋ ಸುಲಭ. ಒಂದು ದೀರ್ಘ ಉಸಿರು ಬಿಟ್ಟು ಗೆರೆ ದಾಟಿ. ಮೊದಲು ಕ್ಲಬ್‌ಫೇಸ್, ನಂತರ ಪಾದ. ಹೆಚ್ಚಿನವರು ಪಾದ ಊರಿ ಆಮೇಲೆ ಫೇಸ್ ತಿರುಗಿಸುತ್ತಾರೆ. ಫೇಸ್ ಒಂದು ಕಡೆ, ದೇಹ ಒಂದು ಕಡೆಯಾಗಿ ಏನೋ ಸರಿಯಿಲ್ಲ ಎಂಬ ಅನುಮಾನಕ್ಕೆ ಅಲ್ಲೇ ಬೀಜ ಬೀಳುತ್ತದೆ. ಗುರಿಯನ್ನು ಒಂದೆರಡು ಸಲ ನೋಡಿ, ಹೊಡೆಯಿರಿ. ಪಾದ ಊರಿದ ಮೇಲೆ ಎಂಟು ಸೆಕೆಂಡಿಗಿಂತ ಹೆಚ್ಚು ನಿಂತರೆ ತೋಳು ಬಿಗಿಯುತ್ತದೆ, ಬಿಗಿದ ತೋಳು ಹೊಸ ಪ್ರಶ್ನೆ ಎತ್ತುತ್ತದೆ.

ಆಟದ ಚೌಕದಲ್ಲಿ ಮೊಣಕೈ, ಭುಜ, ಸೊಂಟದ ಯೋಚನೆ ಬೇಡ. ಚಲನೆಯ ಕಲಿಕೆಯ ಸಂಶೋಧಕಿ ಗ್ಯಾಬ್ರಿಯೆಲ್ ವುಲ್ಫ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೋಳಿನ ಚಲನೆಯ ಮೇಲೆ ಗಮನವಿಟ್ಟ ಹೊಸಬರಿಗಿಂತ ಕ್ಲಬ್‌ನ ಓಟದ ಮೇಲೆ ಗಮನವಿಟ್ಟ ಹೊಸಬರ ಪಿಚ್ (ಸಮೀಪದಿಂದ ಚೆಂಡನ್ನು ಎತ್ತಿ ಹಾರಿಸುವ) ಹೊಡೆತಗಳು ಗುರಿಗೆ ಹೆಚ್ಚು ಹತ್ತಿರ ಬಿದ್ದವು. ದೇಹದ ಭಾಗಗಳನ್ನು ತಿದ್ದುವುದು ಅಭ್ಯಾಸದ ಕೆಲಸ.

ಗೆರೆ ದಾಟಿದ ಮೇಲೆ ಗಾಳಿ ತಿರುಗಿತು, ಯಾರೋ ಕೆಮ್ಮಿದರು, ಇಲ್ಲವೇ ಕಾರಣವಿಲ್ಲದೆ ಮನಸ್ಸು ತಪ್ಪಿತು ಎನ್ನಿ. ಹಿಂದೆ ಸರಿಯಿರಿ. ಇದಕ್ಕೆ ದಂಡವಿಲ್ಲ, ನಾಚಿಕೆಯೂ ಬೇಕಿಲ್ಲ. ಆಡಲು ಅಡ್ಡಿಯಿಲ್ಲದ ಸ್ಥಿತಿ ಬಂದ 40 ಸೆಕೆಂಡಿನೊಳಗೆ ಹೊಡೆಯಬೇಕೆಂಬುದು ನಿಯಮಗಳ ಶಿಫಾರಸು. ಬೇರೆಯವರು ಹೊಡೆಯುವಾಗಲೇ ಲೈ, ಗಾಳಿ, ಅಳತೆ ಲೆಕ್ಕ ಹಾಕಿಟ್ಟುಕೊಂಡವರಿಗೆ ಇಷ್ಟರಲ್ಲಿ ಒಮ್ಮೆ ಹಿಂದೆ ಸರಿಯಲೂ ಸಮಯ ಸಿಗುತ್ತದೆ. ತಮ್ಮ ಸರದಿ ಬಂದ ಮೇಲೆ ಚೀಲ ತಡಕಾಡುವವರಿಗೆ ಸಿಗುವುದಿಲ್ಲ.

ಎದುರಾಳಿಯನ್ನು ‘ಯಾವ ಕ್ಲಬ್ ಹೊಡೆದಿರಿ?’ ಎಂದು ಕೇಳುವ ಅಭ್ಯಾಸವನ್ನು ಇಂದೇ ಬಿಡಿ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಅದಕ್ಕೆ ಎರಡು ಹೊಡೆತಗಳ ದಂಡ, ಗೆದ್ದ ಹೋಲ್‌ಗಳನ್ನು ಎಣಿಸುವ ಮ್ಯಾಚ್ ಪ್ಲೇನಲ್ಲಿ ಆ ಹೋಲ್ ನಷ್ಟ. ಸಲಹೆ ಕೇಳಬಹುದಾದದ್ದು ಕ್ಯಾಡಿ (ಚೀಲ ಹೊತ್ತು ನೆರವಾಗುವವನು) ಅಥವಾ ನಿಮ್ಮದೇ ಪಕ್ಷದಲ್ಲಿ ಆಡುವ ಜೊತೆಗಾರನನ್ನು ಮಾತ್ರ. ದೂರ ಎಷ್ಟೆಂದು ಯಾರನ್ನಾದರೂ ಕೇಳಬಹುದು. 2019ರಿಂದ, ಆಟಗಾರ ಹೊಡೆಯಲು ಪಾದ ಊರಿ ನಿಲ್ಲತೊಡಗಿದ ಮೇಲೆ ಕ್ಯಾಡಿ ಬೇಕೆಂದೇ ಚೆಂಡಿನ ಹಿಂದೆ ಗುರಿಯ ಗೆರೆಯಲ್ಲಿ ನಿಲ್ಲುವಂತಿಲ್ಲ. ದಿಕ್ಕು ಸರಿಯಿದೆಯೇ ಎಂಬುದನ್ನು ಆಟಗಾರನೇ ಒಪ್ಪಿಕೊಳ್ಳಬೇಕು.

ಮನಸ್ಸು ಹೆಚ್ಚು ಕೈಕೊಡುವ ಜಾಗಗಳು ಕೆಲವಿವೆ. ಮೊದಲನೆಯದು ಬಂಕರ್ ದಾಟಿಸಬೇಕಾದ 30-40 ಗಜದ ಪಿಚ್. ಇಲ್ಲಿ ಬ್ಯಾಕ್‌ಸ್ವಿಂಗ್ ಉದ್ದವಾಗುತ್ತದೆ, ದೂರ ಹೋದೀತೆಂದು ಕೆಳಗೆ ಬರುವಾಗ ಬ್ರೇಕ್ ಹಾಕುತ್ತಾರೆ, ಚೆಂಡು ಬಂಕರ್‌ಗೆ. ಮದ್ದು ಸರಳ: ಬ್ಯಾಕ್‌ಸ್ವಿಂಗ್ ಅನ್ನು ಮೊದಲೇ ಚಿಕ್ಕದು ಮಾಡಿ, ಮುಂದಿನ ಓಟ ಅದಕ್ಕಿಂತ ಚಿಕ್ಕದಾಗದಿರಲಿ. ಗುರಿ ಹೋಲ್ ಅಲ್ಲ, ಚೆಂಡು ಬೀಳಬೇಕಾದ ಜಾಗ. ಗ್ರೀನ್ ಪಕ್ಕದ ಬಂಕರ್‌ನಲ್ಲಿ ಚೆಂಡಿಗಿಂತ ಸುಮಾರು 2 ಇಂಚು ಹಿಂದೆ ಮರಳಿಗೆ ಹೊಕ್ಕು ಹೊರಬರುವವರೆಗೆ ಕ್ಲಬ್ ನಿಲ್ಲಬಾರದು. ಮರಳಿನೊಳಗೆ ನಿಂತ ಕ್ಲಬ್ ಚೆಂಡನ್ನು ಅಲ್ಲೇ ಬಿಡುತ್ತದೆ.

ಎರಡನೆಯದನ್ನು ಯಾರೂ ಎಣಿಸುವುದಿಲ್ಲ: ಲೇಅಪ್. ನೀರು ದಾಟಿಸದೆ ಈಚೆಗೇ ಚೆಂಡು ನಿಲ್ಲಿಸೋಣ ಎಂದು ಸರಿಯಾಗಿಯೇ ತೀರ್ಮಾನಿಸಿದವರು ಗುರಿಯನ್ನೇ ಇಟ್ಟುಕೊಳ್ಳದೆ ಹೊಡೆದು ರಫ್ ಸೇರುತ್ತಾರೆ. ‘ಸುಮ್ಮನೆ ಮುಂದೆ ಹಾಕುವುದು’ ಎಂಬ ಹೊಡೆತವೇ ಇಲ್ಲ. ಮುಂದಿನ ಹೊಡೆತಕ್ಕೆ 90 ಗಜ ಉಳಿಯಬೇಕೋ 100 ಉಳಿಯಬೇಕೋ ಎಂದು ಲೆಕ್ಕ ಹಾಕಿ, ಅದೇ ವಾಕ್ಯ, ಅದೇ ಗುರುತು, ಅದೇ ಉಸಿರು.

ಮೂರನೆಯದು ಪಟ್. ಗ್ರೀನ್‌ನ ಬಾಗು ಎಷ್ಟೆಂಬುದು ಚೆಂಡಿನ ವೇಗದ ಮೇಲೆ ನಿಂತಿದೆ. ಮೆಲ್ಲಗೆ ಹೋಗುವ ಚೆಂಡು ಹೆಚ್ಚು ಬಾಗುತ್ತದೆ. ತಪ್ಪಿದರೆ ಹೋಲ್ ದಾಟಿ ಒಂದೂವರೆ ಅಡಿಯೊಳಗೆ ನಿಲ್ಲುವ ವೇಗ ಎಂದು ಮೊದಲೇ ಗೊತ್ತು ಮಾಡಿಕೊಂಡು ಆ ವೇಗಕ್ಕೆ ಬಾಗು ಓದಬೇಕು. ಮೆಲ್ಲಗಿನ ವೇಗಕ್ಕೆ ಗೆರೆ ಓದಿ ಕೊನೆಯ ಕ್ಷಣದಲ್ಲಿ ‘ಮುಟ್ಟದೇ ಹೋದೀತು’ ಎಂದು ಜೋರಾಗಿ ಹೊಡೆದವರ ಪಟ್ ಮೇಲಿನ ಅಂಚಿನಿಂದ ಜಾರಿ ಹೋಗುತ್ತದೆ. ಒಂದು ಅಂಕಿ ನೆನಪಿದ್ದರೆ ಮನಸ್ಸು ಹಗುರವಾಗುತ್ತದೆ: ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರರೂ 8 ಅಡಿಯ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಹಾಕುತ್ತಾರೆ.

ಇದೆಲ್ಲ ಅಭ್ಯಾಸದಲ್ಲಿ ಬರಬೇಕಾದದ್ದು. ಅಭ್ಯಾಸದ ಮೈದಾನವಾದ ರೇಂಜ್‌ನಲ್ಲಿ ಒಂದೇ ಕ್ಲಬ್‌ನಿಂದ ಒಂದೇ ಕಡೆಗೆ ಐವತ್ತು ಚೆಂಡು ಹೊಡೆದವರು ಸ್ವಿಂಗ್ ಕಲಿಯಬಹುದು, ತೀರ್ಮಾನ ಮಾಡುವುದನ್ನು ಕಲಿಯುವುದಿಲ್ಲ. ಕೊನೆಯ 15 ಚೆಂಡುಗಳಿಗೆ ಪ್ರತಿ ಸಲ ಕ್ಲಬ್ ಮತ್ತು ಗುರಿ ಬದಲಿಸಿ, ಪ್ರತಿಯೊಂದಕ್ಕೂ ಹಿಂದೆ ಹೋಗಿ ವಾಕ್ಯ ಹೇಳಿ, ಗೆರೆ ದಾಟಿ ಹೊಡೆಯಿರಿ. ಹತ್ತರಲ್ಲಿ ಏಳು ಸಲ ಮಾಡಲಾಗದ ಹೊಡೆತವನ್ನು ಪಂದ್ಯದಲ್ಲಿ ಆಯ್ಕೆ ಮಾಡಬೇಡಿ. ಅದರ ಮೇಲೆ ನಂಬಿಕೆ ಬಾರದಿರುವುದೇ ಸರಿ. ಸ್ಕೋರ್‌ಕಾರ್ಡ್‌ನ ಅಂಚಿನಲ್ಲಿ ಎರಡು ಸಾಲು ಮಾಡಿಕೊಳ್ಳಿ: ಒಂದರಲ್ಲಿ ತೀರ್ಮಾನ ತಪ್ಪಿದ ಹೊಡೆತಗಳಿಗೆ ಗೀಟು, ಇನ್ನೊಂದರಲ್ಲಿ ಮನಸ್ಸು ಪೂರ್ತಿ ಇಲ್ಲದೆ ಹೊಡೆದವುಗಳಿಗೆ. ಚೆಂಡು ಎಲ್ಲಿ ಬಿತ್ತೆಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಏಕೆಂದರೆ ಅರೆಮನಸ್ಸಿನ ಹೊಡೆತ ಕೆಲವೊಮ್ಮೆ ಗ್ರೀನ್‌ನಲ್ಲೂ ಬೀಳುತ್ತದೆ. ಐದಾರು ಸುತ್ತುಗಳ ನಂತರ ಯಾವ ಸಾಲು ಉದ್ದವಿದೆ ನೋಡಿ. ಮೊದಲನೆಯದಾದರೆ ಕ್ಯಾರಿ ಅಳತೆಗೆ, ಗಾಳಿಯ ಲೆಕ್ಕಕ್ಕೆ ಹಿಂತಿರುಗಿ. ಎರಡನೆಯದಾದರೆ ಗುರಿಗಳು ಅತಿಯಾಸೆಯವಾಗಿವೆಯೇ ಎಂದು ನೋಡಿ, ಆಮೇಲೆ ಗೆರೆ ದಾಟುವ ಕ್ರಮ ತಿದ್ದಿಕೊಳ್ಳಿ.

ಕ್ರೀಡಾ ವಿಭಾಗದವರಲ್ಲಿ ಒಂದು ಕೋರಿಕೆ. ಗಾಲ್ಫ್ ವರದಿ ಬರೆಯುವಾಗ ನಿರ್ಣಾಯಕ ಹೊಡೆತಕ್ಕಾದರೂ ಎರಡು ಸಾಲು ಮೀಸಲಿಡಿ: ಎಷ್ಟು ಗಜ ಉಳಿದಿತ್ತು, ಲೈ ಹೇಗಿತ್ತು, ಗಾಳಿ ಎತ್ತಣಿಂದ ಬೀಸುತ್ತಿತ್ತು, ಆಟಗಾರ ಯಾವ ಕ್ಲಬ್ ತೆಗೆದ, ಹೊಡೆಯುವ ಮುನ್ನ ಕ್ಲಬ್ ಬದಲಿಸಿದನೇ, ಹಿಂದೆ ಸರಿದನೇ. ನೇರ ಪ್ರಸಾರದಲ್ಲಿ ಕ್ಯಾಡಿ ಮತ್ತು ಆಟಗಾರನ ಮಾತುಕತೆ ಎಷ್ಟೋ ಸಲ ಕೇಳಿಸುತ್ತದೆ, ಅದನ್ನೂ ಬರೆಯಿರಿ. ‘ಒತ್ತಡಕ್ಕೆ ಮಣಿದರು’ ಎಂಬ ಸಾಲಿನ ಜಾಗದಲ್ಲಿ ಇಷ್ಟಿದ್ದರೆ, ಮಾರನೆಯ ಬೆಳಿಗ್ಗೆ ಕ್ಲಬ್ ಹಿಡಿಯುವ ಓದುಗರಿಗೆ ಅದರಿಂದ ಕಲಿಯಲು ಏನಾದರೂ ಸಿಗುತ್ತದೆ.

ಇತಿ,
ಗಾಲ್ಫ್ ಕಲಿಸುವ ಓದುಗರೊಬ್ಬರು